ಮಾಗಿದ ಗಾನ, ಮಾಗಬೇಕಾದ ಕಿವಿ

2023ನೆಯ ಇಸವಿಯು ರಾಕ್ ಸಂಗೀತದ ರಸಿಕರ ಪಾಲಿಗೆ ಒಂದು ಪರೀಕ್ಷೆಯ ವರ್ಷವಾಗಿತ್ತೆಂದು ಹೇಳಿದರೆ ತಪ್ಪಾಗಲಾರದು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಮೆಟಾಲಿಕಾ ತಂಡವು ‘72 ಸೀಸನ್ಸ್’ ಎಂಬ ಆಲ್ಬಮ್ಮನ್ನೂ, ಅಕ್ಟೋಬರ್ ತಿಂಗಳಲ್ಲಿ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡವು ‘ಹ್ಯಾಕ್ನಿ ಡೈಮಂಡ್ಸ್’ ಎಂಬ ಆಲ್ಬಮ್ಮನ್ನೂ ಹೊರತಂದುವು. ಅದೇ ವರ್ಷ ನಮ್ಮ ದೇಶದ ಇಂಡಿಯನ್ ಓಷನ್ ತಂಡವು, ಒಂಬತ್ತು ವರ್ಷಗಳ ಅಂತರದ ಮೇಲೆ, ‘ತೂ ಹೈ’ ಎಂಬ ತನ್ನ ಹೊಸ ಗೀತಸಂಪುಟವನ್ನು ಕೇಳುಗರ ಮುಂದಿರಿಸಿತು. ಮೊದಲನೆಯದು 1981ರಲ್ಲಿಯೂ, ಎರಡನೆಯದು 1962ರಲ್ಲಿಯೂ, ಮೂರನೆಯದು 1990ರಲ್ಲಿಯೂ ರೂಪುಗೊಂಡ ತಂಡಗಳು. ಮೂರು ದಶಕಗಳಿಗೆ ಕಡಮೆಯಿಲ್ಲದಂತೆ, ಅವುಗಳಲ್ಲೊಂದಂತೂ ಆರು ದಶಕಗಳಿಗೂ ಮಿಕ್ಕು, ಹಾಡುತ್ತ ಬಂದ ಈ ಹಿರಿಯರು ಮತ್ತೆ ಹೊಸತೊಂದನ್ನು ರಚಿಸಿ ಕೊಟ್ಟಾಗ ಅದನ್ನು ನಾವು ಹೇಗೆ ಕೇಳಬೇಕು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಕೆಲವೇ ಜನರ ಅಭಿರುಚಿಗೆ ಸೇರಿದುದೆಂದು ತೋರಬಹುದಾದರೂ, ವಿಚಾರಮಾಡಿದಂತೆಲ್ಲ ಅದು ಕಲೆಗೂ ಕಾಲಕ್ಕೂ ಇರುವ ಸಂಬಂಧದ ಪ್ರಶ್ನೆಯಾಗಿ ವಿಸ್ತರಿಸುತ್ತದೆ.

ನಾನಿರುವ ನಾಗಪುರವು ಸಂಗೀತದ ವಿಷಯದಲ್ಲಿ ಮಾತಿಗೆ ಬಡತನವಿಲ್ಲದ ಊರು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತು 1960ರಲ್ಲಿ ಇಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಪ್ಪತ್ತರ ದಶಕದಲ್ಲಿ ಓದಿ, ಕೈಯಿಂದ ಕೈಗೆ ದಾಟಿಬಂದ ಧ್ವನಿತಟ್ಟೆಗಳ ಮೂಲಕ ಸ್ಟೋನ್ಸ್ ತಂಡವನ್ನು ಪರಿಚಯಮಾಡಿಕೊಂಡು, ಈಗ ಧರಮಪೇಠ, ರಾಮದಾಸಪೇಠಗಳ ಮನೆಗಳಲ್ಲಿ ನಿವೃತ್ತಿಜೀವನವನ್ನು ನಡೆಸುತ್ತಿರುವ ಹಿರಿಯರೂ ಇಲ್ಲಿರುವರು. ಅದೇ ಸಂಸ್ಥೆಯ ವಿದ್ಯಾರ್ಥಿನಿಲಯದಲ್ಲಿ ರಾತ್ರಿಯ ಊಟದ ಬಳಿಕ ಗಿಟಾರು ಹಿಡಿದು ಕುಳಿತುಕೊಳ್ಳುವ ತರುಣರೂ ಇಲ್ಲಿರುವರು. ಉದ್ಯೋಗನಿಮಿತ್ತವಾಗಿ ಬಂದು ನೆಲಸಿದ ಕನ್ನಡಿಗರ ಮನೆಗಳಲ್ಲಿ ಈ ಎರಡು ತಲೆಮಾರುಗಳು ಅನೇಕ ವೇಳೆ ಒಂದೇ ಸೂರಿನ ಕೆಳಗೆ ವಾಸವಾಗಿರುವುದೂ ಉಂಟು. ಮೇಲೆ ಹೇಳಿದ ಆಲ್ಬಮ್ಮುಗಳ ವಿಷಯವಾಗಿ ಇವರಿಂದ ನಾನು ಕೇಳಿದ ಅಭಿಪ್ರಾಯಗಳು ನಾನಾ ಬಗೆಯ ಮಾತುಗಳಲ್ಲಿ ಪ್ರಕಟವಾದರೂ ಸಾರದಲ್ಲಿ ಎರಡೇ ಆಗಿದ್ದುವು. ‘ಮೊದಲಿನ ಹಾಗಿಲ್ಲ’ ಎಂಬುದು ಒಂದು. ‘ಈ ವಯಸ್ಸಿಗೆ ಇಷ್ಟು ಮಾಡಿದ್ದೇ ಹೆಚ್ಚು’ ಎಂಬುದು ಇನ್ನೊಂದು.

ಈ ಎರಡು ತೀರ್ಪುಗಳೂ ಪ್ರೀತಿಯಿಂದಲೇ ಹುಟ್ಟಿದವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಎರಡರಲ್ಲಿಯೂ ಒಂದು ಮೂಲಭೂತವಾದ ಕೊರತೆಯುಂಟು: ಎರಡೂ ಹೊಸ ಹಾಡನ್ನು ಕೇಳದೆಯೇ ಕೊಡಬಹುದಾದ ತೀರ್ಪುಗಳು. ಮೊದಲನೆಯದು ಹಾಡನ್ನು ಕೇಳುಗನ ಸ್ಮೃತಿಯೊಡನೆ ತೂಗುತ್ತದೆ. ಎರಡನೆಯದು ಹಾಡುವವನ ಜನ್ಮಪತ್ರಿಕೆಯೊಡನೆ ತೂಗುತ್ತದೆ. ಇಷ್ಟು ಕಾಲ ಬಾಳಿದ ಕಲಾವಿದರು ಈ ಘಟ್ಟದಲ್ಲಿ ಹಾಡಲು ಆರಿಸಿಕೊಂಡದ್ದೇನು, ಬಿಟ್ಟದ್ದೇನು, ಆ ಆಯ್ಕೆಯಲ್ಲಿ ಅವರ ಅನುಭವವು ಎಷ್ಟರಮಟ್ಟಿಗೆ ನಾದವಾಗಿ ಪರಿಣಮಿಸಿದೆ ಎಂಬ ವಿಚಾರವು ಎರಡರಲ್ಲಿಯೂ ಹೊರಗೇ ಉಳಿದುಬಿಡುತ್ತದೆ. ಹಿರಿಯ ಕಲಾವಿದರ ನವೀನ ಕೃತಿಗೆ ನಾವು ಸಲ್ಲಿಸಬೇಕಾದುದು ಪೂರ್ಣವಾದ ಅವಧಾನ. ಮತ್ತು ಆ ಅವಧಾನದ ಕ್ರಮವನ್ನು ರಾಕ್ ಸಂಗೀತದ ಪರಂಪರೆಯು ಕಲಿಸಲಾರದೆ ಹೋದರೂ, ಧಾರವಾಡದಿಂದ ನಾಗಪುರದವರೆಗೆ ಹಬ್ಬಿರುವ ನಮ್ಮ ಸಂಗೀತಪರಂಪರೆಯು ಕಲಿಸಬಲ್ಲದು ಎಂಬುದೇ ಈ ಲೇಖನದಲ್ಲಿ ನಾನು ಹೇಳಬಯಸುವ ಮಾತು.

ಮೊದಲು ನಮ್ಮದೇ ಆದ ಉದಾಹರಣೆಯನ್ನು ನೋಡೋಣ. ಗಿಟಾರ್ ವಾದಕರಾದ ಸುಸ್ಮಿತ್ ಸೇನರೂ, ತಬಲಾ ನುಡಿಸುತ್ತಲೇ ಹಾಡುತ್ತಿದ್ದ ಅಶೀಮ್ ಚಕ್ರವರ್ತಿಯವರೂ ದಿಲ್ಲಿಯಲ್ಲಿ ಕಟ್ಟಿದ ಇಂಡಿಯನ್ ಓಷನ್ ತಂಡಕ್ಕೆ ಕೆಲವೇ ವರ್ಷಗಳಲ್ಲಿ ರಾಹುಲ್ ರಾಮ್ ಮತ್ತು ಅಮಿತ್ ಕಿಲಮ್ ಎಂಬವರು ಬಂದು ಸೇರಿದರು. 1993ರಲ್ಲಿ ಮೊದಲ ಆಲ್ಬಮ್ಮನ್ನೂ 1997ರಲ್ಲಿ ‘ಡೆಸರ್ಟ್ ರೇನ್’ ಎಂಬುದನ್ನೂ ಹೊರತಂದ ಈ ತಂಡವು, 2000ದಲ್ಲಿ ಪ್ರಕಟವಾದ ‘ಕಂದಿಸಾ’ದ ಮೂಲಕ ದೇಶದ ಉದ್ದಗಲಕ್ಕೂ ಪ್ರಸಿದ್ಧವಾಯಿತು. ಕೇರಳದ ಸಿರಿಯನ್ ಕ್ರೈಸ್ತರ ಪುರಾತನ ಪ್ರಾರ್ಥನೆಯೊಂದನ್ನು ಗಿಟಾರು, ತಬಲಾ, ಡ್ರಮ್ಮುಗಳ ನಡುವೆ ಪ್ರತಿಷ್ಠಾಪಿಸಿದ ಆ ಹಾಡಿನಿಂದ, ರಾಕ್ ಎಂಬುದು ಕೇವಲ ಪರದೇಶದ ಅನುಕರಣೆಯಾಗಿ ಇರಬೇಕಾಗಿಲ್ಲವೆಂಬುದು ನಮ್ಮ ತರುಣರಿಗೆ ಮೊದಲ ಬಾರಿಗೆ ಮನವರಿಕೆಯಾಯಿತೆನ್ನಬಹುದು. 2003ರ ‘ಝೀನಿ’ಯಲ್ಲಿ ಅವರು ಕಬೀರನನ್ನು ಎತ್ತಿಕೊಂಡರು, ಅನುರಾಗ್ ಕಶ್ಯಪರ ‘ಬ್ಲ್ಯಾಕ್ ಫ್ರೈಡೆ’ ಚಲನಚಿತ್ರಕ್ಕೆಂದು ರಚಿಸಿದ ‘ಬಂದೇ’ ಎಂಬ ಹಾಡು ಮನೆಮನೆಯನ್ನು ಮುಟ್ಟಿತು.

ನಾಗಪುರದ ಕೇಳುಗರಿಗೆ ಈ ತಂಡದಲ್ಲಿ ಒಂದು ವಿಶೇಷವಾದ ಆಪ್ತತೆಯಿರಲು ಕಾರಣವುಂಟು. ‘ಕಂದಿಸಾ’ ಆಲ್ಬಮ್ಮಿನಲ್ಲಿಯೇ ಇರುವ ‘ಮಾ ರೇವಾ’ ಎಂಬುದು ನರ್ಮದೆಯ ತೀರದ ಜನಪದಗೀತೆ. ನರ್ಮದಾ ಬಚಾವೋ ಆಂದೋಲನದಲ್ಲಿ ಭಾಗಿಯಾಗಿದ್ದ ರಾಹುಲ್ ರಾಮ್ ಅವರು ಅದನ್ನು ಆ ಜನರ ನಡುವಿನಿಂದಲೇ ತಂದರು. 1956ರ ರಾಜ್ಯಪುನರ್ವಿಂಗಡಣೆಯವರೆಗೂ ಜಬಲಪುರ, ಹೋಶಂಗಾಬಾದುಗಳನ್ನೊಳಗೊಂಡ ನರ್ಮದಾಪ್ರದೇಶಕ್ಕೆ ನಾಗಪುರವೇ ರಾಜಧಾನಿಯಾಗಿದ್ದಿತು; ಇಂದಿಗೂ ಇಲ್ಲಿಂದ ಉತ್ತರಕ್ಕೆ ಹೊರಡುವ ದಿಲ್ಲಿಯ ಗಾಡಿಗಳು ಇಟಾರ್ಸಿಯನ್ನು ಬಿಟ್ಟೊಡನೆ ಆ ಮಹಾನದಿಯನ್ನು ದಾಟುತ್ತವೆ. ನದಿಯ ಹೆಸರನ್ನು ಕೇಳಿದೊಡನೆ ಕೈಮುಗಿಯುವ ಅಜ್ಜಿಯರಿರುವ ಮನೆಗಳಲ್ಲಿ ಮೊಮ್ಮಕ್ಕಳು ಅದೇ ನದಿಯ ಹಾಡನ್ನು ರಾಕ್ ತಂಡವೊಂದರಿಂದ ಕೇಳಿದಾಗ, ಆ ಸಂಗೀತವು ಅವರಿಗೆ ಅನ್ಯವೆನಿಸದಿದ್ದುದು ಸಹಜವೇ ಆಗಿದೆ.

2009ರ ಡಿಸೆಂಬರ್ 25ರಂದು ಅಶೀಮ್ ಚಕ್ರವರ್ತಿಯವರು ತೀರಿಕೊಂಡರು. ಅವರ ಕಂಠವನ್ನು ಉಳಿಸಿಕೊಂಡಿರುವ ‘16/330 ಖಜೂರ್ ರೋಡ್’ ಎಂಬ ಆಲ್ಬಮ್ಮಿಗೆ ತಂಡವು ವರ್ಷಗಟ್ಟಲೆ ಅಭ್ಯಾಸ ಮಾಡುತ್ತಿದ್ದ ದಿಲ್ಲಿಯ ಹಳೆಯ ಮನೆಯ ವಿಳಾಸವನ್ನೇ ಹೆಸರಾಗಿ ಇಟ್ಟು, 2010ರಿಂದ ತಿಂಗಳಿಗೊಂದು ಹಾಡಿನಂತೆ ಬೆಲೆಯಿಲ್ಲದೆ ಕೇಳುಗರಿಗೆ ಕೊಡಲಾಯಿತು. 2013ರಲ್ಲಿ ಸುಸ್ಮಿತ್ ಸೇನರೂ ತಂಡವನ್ನು ಬಿಟ್ಟರು. ಹೀಗೆ ಸ್ಥಾಪಕರಿಬ್ಬರೂ ಇಲ್ಲದೆಹೋದ ಮೇಲೆ, ಗಾಯಕ ಹಿಮಾಂಶು ಜೋಶಿ, ತಬಲಾವಾದಕ ತುಹಿನ್ ಚಕ್ರವರ್ತಿ, ಗಿಟಾರ್ ವಾದಕ ನಿಖಿಲ್ ರಾವ್ ಇವರನ್ನೊಳಗೊಂಡು ನವೀಕೃತವಾದ ತಂಡವು 2014ರಲ್ಲಿ ‘ತಂದಾನು’ ಎಂಬ ಸಂಪುಟವನ್ನು ಹೊರತಂದಿತು. ಶುಭಾ ಮುದ್ಗಲ್, ಶಂಕರ್ ಮಹಾದೇವನ್, ವಿಶ್ವಮೋಹನ ಭಟ್ಟರು, ಪಿಟೀಲಿನ ಕುಮರೇಶ್ ಮುಂತಾದವರು ಅತಿಥಿಗಳಾಗಿ ಬಂದು ಒಂದೊಂದು ಹಾಡಿನಲ್ಲಿ ಸೇರಿಕೊಂಡರು. ಅದಾದ ಒಂಬತ್ತು ವರ್ಷಕ್ಕೆ ಬಂದುದು ‘ತೂ ಹೈ’.

ಈ ಸಂದರ್ಭದಲ್ಲಿ ಹಳೆಯ ಅಭಿಮಾನಿಗಳು ‘ಇದು ನಮ್ಮ ಇಂಡಿಯನ್ ಓಷನ್ ಅಲ್ಲ’ ಎಂದರೆ ಅದನ್ನು ತಾತ್ಸಾರದಿಂದ ತಳ್ಳಿಹಾಕುವುದು ನ್ಯಾಯವಲ್ಲ. ಅಶೀಮರ ಕಂಠದ ಆ ವಿಶಿಷ್ಟವಾದ ಒರಟುತನ, ಸುಸ್ಮಿತರ ಗಿಟಾರಿನ ಒಡನೆಯೇ ಗುರುತು ಹತ್ತುವ ನಾದ ಇವೆರಡೂ ಇನ್ನು ಮರಳಲಾರವು. ಅವುಗಳಿಗಾಗಿ ದುಃಖಿಸುವುದು ರಸಿಕನ ಹಕ್ಕು. ಆದರೆ ದುಃಖವು ತೀರ್ಪಿನ ಸ್ಥಾನವನ್ನು ಆಕ್ರಮಿಸಿದಾಗ ಅನ್ಯಾಯವು ಆರಂಭವಾಗುತ್ತದೆ. ಅಗಲಿದವರು ಇಲ್ಲವೆಂಬ ಕಾರಣದಿಂದ ಉಳಿದವರನ್ನೂ ಬಂದು ಸೇರಿದವರನ್ನೂ ಕೇಳದಿರುವುದಾದರೆ, ಹೋದವರಿಗೆ ಅದರಿಂದ ಯಾವ ಗೌರವವೂ ಸಲ್ಲುವುದಿಲ್ಲ. ಇರುವವರಿಗೆ ಮಾತ್ರ ಅಗೌರವವಾಗುತ್ತದೆ. ಈ ತಂಡವು ಇಂದಿಗೂ ಯಾವ ವೇದಿಕೆಯನ್ನೇರಿದರೂ ‘ಕಂದಿಸಾ’ಕ್ಕಾಗಿಯೂ ‘ಬಂದೇ’ಗಾಗಿಯೂ ಸಭೆಯಿಂದ ಕೂಗು ಏಳುವುದು ವಾಡಿಕೆ, ಹೊಸ ಸಂಪುಟದ ಹಾಡುಗಳಿಗಾಗಿ ಅಂಥ ಕೂಗು ಏಳುವುದು ವಿರಳ.

ಹಳೆಯದನ್ನೇ ಮತ್ತೆ ಬೇಡುವ ಈ ಪ್ರವೃತ್ತಿಯು ರಾಕ್ ಸಂಗೀತಕ್ಕೆ ಮಾತ್ರ ಸೇರಿದುದಲ್ಲ. ನಮ್ಮ ಕಂಪೆನಿ ನಾಟಕಗಳ ಕಾಲದಲ್ಲಿ ಪ್ರೇಕ್ಷಕರು ‘ವನ್ಸ್‌ಮೋರ್’ ಎಂದು ಕೂಗಿದರೆ ನಟನು ಕಥೆಯ ಓಟವನ್ನೂ ಪಾತ್ರದ ಅವಸ್ಥೆಯನ್ನೂ ಬದಿಗಿರಿಸಿ ಅದೇ ಕಂದವನ್ನು ಮತ್ತೊಮ್ಮೆ ಹಾಡಲೇಬೇಕಾಗಿದ್ದಿತು; ಮರಾಠಿ ಸಂಗೀತನಾಟಕಗಳ ರಸಿಕರಲ್ಲಿಯೂ ಈ ಪದ್ಧತಿ ಬಲವಾಗಿದ್ದಿತು. ಅದರಲ್ಲಿ ಪ್ರೀತಿಯಿದ್ದಿತು, ಉತ್ಸಾಹವಿದ್ದಿತು. ಆದರೆ ಕಲಾವಿದನ ಮುಂದಿನ ಹೆಜ್ಜೆಯನ್ನು ತಡೆಯುವ ಶಕ್ತಿಯೂ ಅದರಲ್ಲಿಯೇ ಅಡಗಿದ್ದಿತು. ಒಂದು ರಾತ್ರಿಯ ನಾಟಕದಲ್ಲಿ ಇದರಿಂದ ಹೆಚ್ಚಿನ ಹಾನಿಯಿಲ್ಲ. ಒಬ್ಬ ಕಲಾವಿದನ ಇಡೀ ಆಯುಷ್ಯಕ್ಕೆ ನಾವು ‘ವನ್ಸ್‌ಮೋರ್’ ಎಂದು ಕೂಗಿದಾಗ ಆಗುವ ಹಾನಿ ಅಲ್ಪವಾದುದಲ್ಲ.

ಕನ್ನಡದ ವಾಚಕರಾದ ನಾವೂ ಈ ದೋಷದಿಂದ ಮುಕ್ತರಾಗಿಲ್ಲ. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯು 1942ರಲ್ಲಿ ಪ್ರಕಟವಾದಾಗ ಅವರಿಗೆ ಇಪ್ಪತ್ತೇಳು ವರ್ಷ. ಅಲ್ಲಿಂದ 2003ರಲ್ಲಿ ಅವರು ನಮ್ಮನ್ನಗಲುವವರೆಗೆ, ಅರವತ್ತು ವರ್ಷಗಳಿಗೂ ಮೀರಿದ ಅವಧಿಯಲ್ಲಿ, ಆ ಕವಿಯು ದಾಂಪತ್ಯದ ಉಲ್ಲಾಸದಿಂದ ಬದುಕಿನ ಬೇಗುದಿಗೂ, ‘ಶಿಲಾಲತೆ’ಯ ಕ್ಲಿಷ್ಟವಾದ ಪ್ರತಿಮೆಗಳಿಗೂ, ‘ತೆರೆದ ಬಾಗಿಲು’ ಸಂಗ್ರಹದ ಶಾಂತವಾದ ಪರಿಪಾಕಕ್ಕೂ ನಡೆದುಬಂದರು. ‘ತೆರೆದ ಬಾಗಿಲು’ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನೂ ಪಡೆಯಿತು. ಆದರೂ ಸಭೆಗಳಲ್ಲಿ, ಸುಗಮಸಂಗೀತದ ವೇದಿಕೆಗಳಲ್ಲಿ, ಮದುವೆಯ ಚಪ್ಪರಗಳಲ್ಲಿ ನಾವು ಅವರಿಂದ ಬೇಡಿದುದು ಇಪ್ಪತ್ತೇಳರ ಆ ತರುಣನನ್ನೇ. ಎಂಬತ್ತು ದಾಟಿದ ಕವಿಯ ಮಾತನ್ನು ಕೇಳಲು ನಮ್ಮಲ್ಲಿ ಎಷ್ಟು ಜನ ಕಿವಿಗೊಟ್ಟೆವು? ಮೊದಲಿನ ಹಾಗಿಲ್ಲವೆಂಬ ತೀರ್ಪು ಎಷ್ಟು ಸುಲಭವಾಗಿ ಒಂದು ಜೀವಮಾನದ ಸಾಧನೆಯ ಬಹುಭಾಗವನ್ನು ಮರೆಗೆ ಸರಿಸಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ನಮಗೆ ಬೇಕಾಗಿಲ್ಲ.

ಈ ತೀರ್ಪಿನ ಬೇರು ಎಲ್ಲಿದೆಯೆಂದು ವಿಚಾರಿಸಿದರೆ ಅದು ಹಾಡಿನಲ್ಲಿರದೆ ನಮ್ಮಲ್ಲಿಯೇ ಇರುವುದು ಗೋಚರವಾಗುತ್ತದೆ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಕೇಳಿದ ಸಂಗೀತವು ಆ ಕಾಲದ ಸ್ನೇಹ, ಪ್ರಣಯ, ನಿರಾಶೆ, ಭವಿಷ್ಯದ ಕನಸುಗಳೊಡನೆ ಬೆಸೆದುಕೊಂಡು ನಮ್ಮ ಅಂತರಂಗದಲ್ಲಿ ನೆಲೆಗೊಳ್ಳುತ್ತದೆ. ಮುಂದೆ ಅದೇ ತಂಡವು ಹೊಸ ಹಾಡನ್ನು ಕೊಟ್ಟಾಗ ನಾವು ಅದರಿಂದ ಕೇಳುವುದು ಹಾಡನ್ನು ಮಾತ್ರವಲ್ಲ, ಕಳೆದುಹೋದ ಆ ವಯಸ್ಸನ್ನೂ ಕೇಳುತ್ತೇವೆ. ಅದನ್ನು ಯಾವ ಗಾಯಕನೂ ಹಿಂತಿರುಗಿ ಕೊಡಲಾರ. ಕೊಡಲಾರದುದನ್ನು ಬೇಡಿ, ಸಿಕ್ಕದಾಗ ಅವನನ್ನು ದೂರುವುದು ಸಹೃದಯತೆಯ ಲಕ್ಷಣವಲ್ಲ.

ರಾಕ್ ಸಂಗೀತದ ವಿಷಯದಲ್ಲಿ ಈ ತೊಡಕು ಇನ್ನಷ್ಟು ಜಟಿಲವಾಗಿರುವುದಕ್ಕೆ ಐತಿಹಾಸಿಕವಾದ ಕಾರಣವೊಂದುಂಟು. ಆ ಸಂಗೀತವು ಎರಡನೆಯ ಮಹಾಯುದ್ಧದ ಅನಂತರ ಪಶ್ಚಿಮದೇಶಗಳಲ್ಲಿ ತರುಣಜನಾಂಗವು ತನ್ನ ಹಿರಿಯರ ಲೋಕವನ್ನು ಧಿಕ್ಕರಿಸಿ ನಿಂತ ಕಾಲದಲ್ಲಿ, ಆ ಧಿಕ್ಕಾರದ ಕಂಠವಾಗಿಯೇ ಬೆಳೆಯಿತು. ‘ದ ಹೂ’ ಎಂಬ ಇಂಗ್ಲಿಷ್ ತಂಡವು 1965ರಲ್ಲಿ ವಾರ್ಧಕ್ಯವನ್ನೇ ತುಚ್ಛೀಕರಿಸುವ ಹಾಡೊಂದನ್ನು ಹಾಡಿ ಒಂದು ತಲೆಮಾರಿನ ಮನಸ್ಸನ್ನು ಗೆದ್ದಿತು. ಅದೇ ತಂಡದಲ್ಲಿ ಉಳಿದ ರೋಜರ್ ಡಾಲ್ಟ್ರಿ ಮತ್ತು ಪೀಟ್ ಟೌನ್‌ಶೆಂಡ್ ಎಂಬವರು 2019ರಲ್ಲಿ, ಎಪ್ಪತ್ತರ ನಡುಘಟ್ಟದಲ್ಲಿ ನಿಂತು, ಹೊಸ ಆಲ್ಬಮ್ಮನ್ನು ಪ್ರಕಟಿಸಿದರು. ಯೌವನವನ್ನೇ ತನ್ನ ಪರಮಮೌಲ್ಯವೆಂದು ಸಾರಿದ ಕಲೆಗೆ ಮುಪ್ಪು ಬಂದಾಗ ಅದನ್ನು ಅಳೆಯುವ ಮಾನದಂಡವು ಅದರ ಪರಂಪರೆಯಲ್ಲಿಯೇ ಇರಲಿಲ್ಲ. ಎಂಬತ್ತು ವರ್ಷದ ರಾಕ್ ಗಾಯಕನು ಹೇಗೆ ಹಾಡಬೇಕು ಎಂಬುದಕ್ಕೆ ಪೂರ್ವಿಕರ ಮಾದರಿಯೇ ಇಲ್ಲದ ದಾರಿಯಲ್ಲಿ ಈ ಕಲಾವಿದರು ನಡೆಯುತ್ತಿರುವರು. ಆದುದರಿಂದ ಕೇಳುಗರು ಒಂದೋ ಹಳೆಯ ಯೌವನವನ್ನು ಬೇಡುವರು, ಇಲ್ಲವೇ ಮುಪ್ಪಿಗೆ ರಿಯಾಯಿತಿಯನ್ನು ಕೊಡುವರು. ಮೂರನೆಯ ಮಾರ್ಗವೊಂದಿದೆಯೆಂಬುದನ್ನು ಅವರು ಅರಿಯರು.

ಆ ಮೂರನೆಯ ಮಾರ್ಗವನ್ನು ನಾವು ಅರಿತಿರುವೆವು. ಖಯಾಲ್ ಗಾಯನದಲ್ಲಿ ಕಂಠದ ಯೌವನವೇ ಗಾಯಕನ ಉತ್ತುಂಗವೆಂದು ಯಾರೂ ಭಾವಿಸಿದುದಿಲ್ಲ. ರಾಗವು ಗಾಯಕನಲ್ಲಿ ಮಾಗಲು ದಶಕಗಳು ಬೇಕೆಂಬುದು ಅಲ್ಲಿ ಸರ್ವಸಮ್ಮತವಾದ ವಿಷಯ. ಧಾರವಾಡದ ಸಮೀಪದ ಮನಸೂರಿನಲ್ಲಿ 1910ರಲ್ಲಿ ಜನಿಸಿದ ಮಲ್ಲಿಕಾರ್ಜುನ ಮನಸೂರರು ತಾರುಣ್ಯದಲ್ಲಿಯೇ ಧ್ವನಿಮುದ್ರಿಕೆಗಳ ಮೂಲಕ ಹೆಸರು ಗಳಿಸಿದ್ದರೂ, ಮಂಜೀಖಾನ್ ಮತ್ತು ಭೂರ್ಜೀಖಾನರಿಂದ ಪಡೆದ ಜಯಪುರ-ಅತ್ರೌಲಿ ಘರಾಣೆಯ ವಿದ್ಯೆಯು ಅವರಲ್ಲಿ ಸಂಪೂರ್ಣವಾಗಿ ಪ್ರಕಾಶಿಸಿದುದನ್ನು ದೇಶವು ಕಂಡುದು ಬಹುಮಟ್ಟಿಗೆ ಅವರಿಗೆ ಅರವತ್ತಾದ ಮೇಲೆಯೇ. 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, ತೀರಿಕೊಂಡ ವರ್ಷವಾದ 1992ರಲ್ಲಿ ಪದ್ಮವಿಭೂಷಣ: ಈ ಗೌರವಗಳ ಕ್ರಮವೇ ಅದನ್ನು ಹೇಳುತ್ತದೆ. ಎಪ್ಪತ್ತು ದಾಟಿದ ಮನಸೂರರ ಧ್ವನಿಮುದ್ರಿಕೆಗಳನ್ನು ಕೇಳುವವನು ಕಂಠವು ತೆಳುವಾಗಿದೆಯೆಂದು ಗಮನಿಸದಿರಲಾರ. ಆದರೆ ಅಪೂರ್ವವಾದೊಂದು ಜೋಡುರಾಗದ ಎರಡು ಅಂಗಗಳನ್ನು ಒಂದು ಕ್ಷಣವೂ ಬೆರಕೆಯಾಗಗೊಡದೆ, ಲಯದ ಮೇಲೆ ಎಲ್ಲಿಯೂ ಭಾರ ಬೀಳಗೊಡದೆ, ಸಮಕ್ಕೆ ತಂದು ಮುಟ್ಟಿಸುವ ಆ ನಿರಾಯಾಸದ ಮುಂದೆ ತೆಳುವಾದ ಕಂಠವು ಒಂದು ನ್ಯೂನತೆಯಾಗಿ ಉಳಿಯುವುದೇ ಇಲ್ಲ.

ಗಂಗೂಬಾಯಿ ಹಾನಗಲ್ಲರು ತಮ್ಮ ತೊಂಬತ್ತಮೂರರಲ್ಲಿ, 2006ರಲ್ಲಿ, ಕಡೆಯ ಕಛೇರಿಯನ್ನು ಹಾಡಿದಾಗ ಸಭಿಕರು ಅವರಿಂದ ಮೂವತ್ತರ ಕಂಠವನ್ನು ನಿರೀಕ್ಷಿಸಲಿಲ್ಲ. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಶಿವಪುತ್ರನು ಬಾಲಪ್ರತಿಭೆಯಾಗಿ ದೇಶವನ್ನೇ ಬೆರಗುಗೊಳಿಸಿ ಕುಮಾರಗಂಧರ್ವನೆನಿಸಿ, ತಾರುಣ್ಯದಲ್ಲಿಯೇ ಕ್ಷಯರೋಗಕ್ಕೆ ತುತ್ತಾಗಿ, ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದು, ಐವತ್ತರ ದಶಕದಲ್ಲಿ ಮರಳಿ ಬಂದು ಹಾಡಿದಾಗ ಅವರ ಗಾನವು ಪೂರ್ತಿಯಾಗಿ ಬದಲಾಗಿದ್ದಿತು. ಸಂಪ್ರದಾಯನಿಷ್ಠರಾದ ಹಲವರು ಅದನ್ನು ಒಪ್ಪಲಿಲ್ಲ. ಆದರೆ ಕಿವಿಗೊಟ್ಟು ಕೇಳಿದವರಿಗೆ, ಉಸಿರಿನ ಮಿತಿಯೇ ಹೊಸ ವಾಕ್ಯರಚನೆಯಾಗಿ ಪರಿಣಮಿಸಿದ, ಕಬೀರನ ನಿರ್ಗುಣಪದಗಳಿಗೆ ಹೊಸದೊಂದು ನಾದಲೋಕವನ್ನೇ ತೆರೆದ ಮಹಾಸಂಗೀತವು ದೊರಕಿತು.

ನಾಗಪುರವು ಈ ಪಾಠವನ್ನು ತನ್ನ ಮಗನೊಬ್ಬನ ಜೀವನದಲ್ಲಿಯೇ ಕಂಡಿದೆ. ಈ ಊರಿನಲ್ಲಿ ಬೆಳೆದು, ಇಲ್ಲಿಯೇ ಶಂಕರರಾವ್ ಸಪ್ರೆಯವರಲ್ಲಿ ಮೊದಲ ಪಾಠಗಳನ್ನು ಕಲಿತ ಡಾ. ವಸಂತರಾವ್ ದೇಶಪಾಂಡೆಯವರು ಸುದೀರ್ಘಕಾಲ ಸೇನೆಯ ಲೆಕ್ಕಪತ್ರ ವಿಭಾಗದಲ್ಲಿ ನೌಕರಿ ಮಾಡಿ, ನಲವತ್ತು ದಾಟಿದ ಮೇಲೆ ಸಂಗೀತಕ್ಕೇ ತಮ್ಮನ್ನು ಸಂಪೂರ್ಣವಾಗಿ ಒಪ್ಪಿಸಿಕೊಂಡರು. ಅವರ ಕೀರ್ತಿಯನ್ನು ಶಾಶ್ವತಗೊಳಿಸಿದ ‘ಕಟ್ಯಾರ್ ಕಾಳಜಾತ್ ಘುಸಲೀ’ ನಾಟಕದ ಖಾನ್‌ಸಾಹೇಬರ ಪಾತ್ರವು 1967ರಲ್ಲಿ, ಅವರ ನಲವತ್ತೇಳರಲ್ಲಿ ಬಂದುದು. ಇಂದು ಸಿವಿಲ್ ಲೈನ್ಸಿನಲ್ಲಿ ಅವರ ಹೆಸರಿನ ಸಭಾಗೃಹವಿದೆ. ಅದರ ಆಸನಗಳಲ್ಲಿ ಕುಳಿತು ಹಿರಿಯ ಗಾಯಕರ ಕಂಪಿಸುವ ಧ್ವನಿಗೆ ತಲೆದೂಗುವ ರಸಿಕರು, ಮನೆಗೆ ಹೋಗಿ ಹಿರಿಯ ರಾಕ್ ಗಾಯಕನೊಬ್ಬನ ಕಂಪಿಸುವ ಧ್ವನಿಯನ್ನು ಕೇಳಿದೊಡನೆ ಏಕೆ ಅಸಹನೆಗೊಳ್ಳಬೇಕು ಎಂಬುದು ನನಗೆ ತಿಳಿಯದು. ನಾಗಪುರದ ಕಿತ್ತಳೆಯ ಮರವು ಎರಡು ಬಾರಿ ಫಲ ಕೊಡುತ್ತದೆ. ಅಂಬಿಯಾ ಬಹಾರಿನ ಹಣ್ಣಿನಲ್ಲಿ ಕೊಂಚ ಹುಳಿಯಿರುವುದನ್ನೂ, ತಡವಾಗಿ ಬರುವ ಮೃಗ ಬಹಾರಿನದು ಹೆಚ್ಚು ಸಿಹಿಯಾಗಿರುವುದನ್ನೂ ಬಲ್ಲ ಇಲ್ಲಿಯ ಜನ ಒಂದರ ರುಚಿಯನ್ನು ಇನ್ನೊಂದರಲ್ಲಿ ಹುಡುಕುವುದಿಲ್ಲ. ಕಲೆಯ ವಿಷಯದಲ್ಲಿಯೂ ಇದೇ ವಿವೇಕವು ನಮಗಿರತಕ್ಕದ್ದು.

ಈ ವಿವೇಕದೊಡನೆ ‘ಹ್ಯಾಕ್ನಿ ಡೈಮಂಡ್ಸ್’ ಆಲ್ಬಮ್ಮನ್ನು ಕೇಳೋಣ. ಸ್ಟೋನ್ಸ್ ತಂಡವು ಸ್ವಂತ ರಚನೆಗಳ ಸಂಪುಟವನ್ನು ಇದಕ್ಕೆ ಮೊದಲು ಹೊರತಂದುದು 2005ರಲ್ಲಿ. ನಡುವೆ, 2021ರ ಆಗಸ್ಟ್ ತಿಂಗಳಲ್ಲಿ, ಸುಮಾರು ಆರು ದಶಕಗಳ ಕಾಲ ಡ್ರಮ್ಸ್ ನುಡಿಸಿದ ಚಾರ್ಲಿ ವಾಟ್ಸ್ ನಿಧನರಾದರು. ಬದುಕಿದ್ದಾಗ ಅವರು ನುಡಿಸಿಟ್ಟಿದ್ದ ಎರಡು ಹಾಡುಗಳು ಈ ಸಂಪುಟದಲ್ಲಿ ಸೇರಿವೆ. ತಂಡವನ್ನು ಎಂದೋ ಬಿಟ್ಟಿದ್ದ ಬಿಲ್ ವೈಮನ್ ಅವುಗಳಲ್ಲೊಂದಕ್ಕೆ ಮರಳಿ ಬಂದು ಬಾಸ್ ಗಿಟಾರನ್ನು ನುಡಿಸಿರುವರು. ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್ ಇಬ್ಬರಿಗೂ ಆ ವರ್ಷ ಎಂಬತ್ತು ತುಂಬಿತು. ಧ್ವನಿಮುದ್ರಣದಲ್ಲಿ ಅತಿಯಾದ ಹೊಳಪಿದೆ, ಕೆಲವು ಹಾಡುಗಳು ಯೌವನದ ವೇಷವನ್ನು ಬಲವಂತವಾಗಿ ತೊಟ್ಟಂತಿವೆ ಎಂಬ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಆದರೆ ಸಂಪುಟದ ಕೊನೆಯ ಹಾಡನ್ನು ಕೇಳಬೇಕು. ಮಡ್ಡಿ ವಾಟರ್ಸ್ ಎಂಬ ಅಮೆರಿಕದ ಕೃಷ್ಣವರ್ಣೀಯ ಬ್ಲೂಸ್ ಗಾಯಕನು 1950ರಲ್ಲಿ ಹಾಡಿದ, ಯಾವುದರಿಂದ ಈ ತಂಡವು ತನ್ನ ಹೆಸರನ್ನೇ ಪಡೆಯಿತೋ, ಆ ಹಾಡನ್ನು ಜಾಗರ್ ಮತ್ತು ರಿಚರ್ಡ್ಸ್ ಇಬ್ಬರೇ, ಒಂದು ಗಿಟಾರು, ಒಂದು ಹಾರ್ಮೋನಿಕಾ, ಒಂದು ಕಂಠ ಇಷ್ಟರಿಂದಲೇ ನುಡಿಸಿ ಮುಗಿಸುವರು. ಇಪ್ಪತ್ತರ ಹುಡುಗರಾಗಿದ್ದಾಗ ಅವರು ಅನುಕರಿಸಲು ಹವಣಿಸುತ್ತಿದ್ದ ಆ ಹಾಡಿನ ಅರ್ಥವು ಅವರ ಪಾಲಿಗೆ ಎಂಬತ್ತರಲ್ಲಿ ಪೂರ್ಣವಾಯಿತೆಂದು ನನಗೆ ತೋರುತ್ತದೆ. ಗುರುವಿನಲ್ಲಿ ಕಲಿತ ಮೊದಲ ರಾಗಕ್ಕೆ ವೃದ್ಧಗಾಯಕನು ಹಿಂತಿರುಗುವುದನ್ನು ಬಲ್ಲ ನಮಗೆ ಈ ಘಳಿಗೆಯ ಗಾಂಭೀರ್ಯವು ಒಡನೆಯೇ ವೇದ್ಯವಾಗಬೇಕು.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಹಸ್ರಾರು ತರುಣರು ಮೆಟಾಲಿಕಾ ತಂಡದ ಹಳೆಯ ಹಾಡುಗಳನ್ನು ತಂಡದೊಡನೆ ತಾವೂ ಹಾಡಿದರು; ಅವರಲ್ಲಿ ಅನೇಕರು ಈಗ ಮಧ್ಯವಯಸ್ಕರು. ‘72 ಸೀಸನ್ಸ್’ ಎಂಬ ಹೆಸರು ಮನುಷ್ಯನ ಮೊದಲ ಹದಿನೆಂಟು ವರ್ಷಗಳ ಎಪ್ಪತ್ತೆರಡು ಋತುಗಳನ್ನು ಸೂಚಿಸುತ್ತದೆ. ಆ ವರ್ಷಗಳಲ್ಲಿ ನಮ್ಮೊಳಗೆ ಬೇರುಬಿಟ್ಟದ್ದು ಉಳಿದ ಆಯುಷ್ಯವನ್ನೆಲ್ಲ ಹೇಗೆ ಆಳುತ್ತದೆಂಬುದೇ ಅದರ ವಸ್ತು. ಎಪ್ಪತ್ತೇಳು ನಿಮಿಷಗಳ ಆ ಸಂಪುಟವು ದೀರ್ಘವಾಯಿತೆಂಬುದೂ, ನಡುವಣ ಹಾಡುಗಳಲ್ಲಿ ಪುನರುಕ್ತಿಯಿದೆಯೆಂಬುದೂ ನಿಜ. ಆದರೆ ಬಾಲ್ಯದ ಗಾಯಗಳನ್ನು ಅರವತ್ತರ ಸಮೀಪದಲ್ಲಿ ನಿಂತು ನೋಡುವ ಸಂಗೀತವನ್ನು ಇಪ್ಪತ್ತರ ಕೋಪದ ಸಂಗೀತದೊಡನೆ ತೂಗಿ ಕಡಮೆಯಾಯಿತೆನ್ನುವುದು ಯುಕ್ತವಲ್ಲ. ಇಪ್ಪತ್ತರಲ್ಲಿ ತಂಡದ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಇದನ್ನು ಬರೆಯಬಲ್ಲವರಾಗಿರಲಿಲ್ಲ.

ಇದರಿಂದ ಹಿರಿಯರು ಮಾಡಿದ್ದೆಲ್ಲವೂ ಶ್ರೇಷ್ಠವೆಂದು ನಾನು ಪ್ರತಿಪಾದಿಸುತ್ತಿರುವೆನೆಂದು ಯಾರೂ ತಿಳಿಯಬಾರದು. ‘ಈ ವಯಸ್ಸಿಗೆ ಇಷ್ಟು ಮಾಡಿದ್ದೇ ಹೆಚ್ಚು’ ಎಂಬ ಎರಡನೆಯ ತೀರ್ಪು ಮೊದಲನೆಯದಕ್ಕಿಂತ ಹೆಚ್ಚು ಅಪಾಯಕಾರಿಯಾದುದು; ಏಕೆಂದರೆ ಅದು ವಿನಯದ ರೂಪವನ್ನು ತಾಳಿಬರುತ್ತದೆ. ಕಲಾವಿದನಿಗೆ ವಯಸ್ಸಿನ ರಿಯಾಯಿತಿಯನ್ನು ಕೊಟ್ಟೊಡನೆ ಅವನನ್ನು ಕಲಾವಿದನೆಂದು ಪರಿಗಣಿಸುವುದನ್ನು ನಾವು ನಿಲ್ಲಿಸಿರುತ್ತೇವೆ. ಪಿಂಕ್ ಫ್ಲಾಯ್ಡ್ ತಂಡವು 2014ರಲ್ಲಿ ಹೊರತಂದ ‘ದಿ ಎಂಡ್‌ಲೆಸ್ ರಿವರ್’ ಬಹುಮಟ್ಟಿಗೆ ಇಪ್ಪತ್ತು ವರ್ಷ ಹಿಂದಿನ ಧ್ವನಿಮುದ್ರಣಗಳಲ್ಲಿ ಉಳಿದುಹೋದ ಭಾಗಗಳಿಂದ ಕಟ್ಟಿದ ಸಂಪುಟ. 2008ರಲ್ಲಿ ತೀರಿಕೊಂಡ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಅವರಿಗೆ ಸಲ್ಲಿಸಿದ ಶ್ರದ್ಧಾಂಜಲಿಯೆಂಬ ನೆಲೆಯಲ್ಲಿ ಅದು ಗೌರವಾರ್ಹವಾದರೂ, ಸ್ವತಂತ್ರ ಕೃತಿಯೆಂಬ ನೆಲೆಯಲ್ಲಿ ಅದು ಅಪೂರ್ಣವೆಂದು ನಾನು ಸ್ಪಷ್ಟವಾಗಿ ಹೇಳಬಲ್ಲೆ. ಹಾಗೆ ಹೇಳುವುದು ಅಗೌರವವಲ್ಲ. ನಮ್ಮ ಸಂಗೀತಸಭೆಗಳಲ್ಲಿಯೂ ಹಿರಿಯರೆಂಬ ಒಂದೇ ಕಾರಣದಿಂದ ಅಪಸ್ವರಕ್ಕೂ ಚಪ್ಪಾಳೆ ತಟ್ಟುವ ಅಭ್ಯಾಸವಿಲ್ಲದಿಲ್ಲ. ಮೂರನೆಯ ಮಾರ್ಗವು ಅದನ್ನೂ ತೊರೆಯಬೇಕಾಗುತ್ತದೆ. ಕಂಠವು ಕುಗ್ಗಿರುವುದನ್ನು ದೋಷವೆಂದು ಎಣಿಸಬಾರದು. ಶ್ರದ್ಧೆಯು ಕುಗ್ಗಿದ್ದರೆ ಎಣಿಸಲೇಬೇಕು.

ಈ ವಿಷಯವು ಕನ್ನಡ ನಾಡಿಗೆ ಕೇವಲ ಪರೋಕ್ಷವಾದುದಲ್ಲ. 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡವು ಕಾಲು ಶತಮಾನವನ್ನು ಮೀರಿ ನಡೆದಿದೆ. ಕನ್ನಡದಲ್ಲಿಯೂ ಹಾಡುವ ಸ್ವರಾತ್ಮ ತಂಡಕ್ಕೆ ಎರಡು ದಶಕಗಳು ತುಂಬಿವೆ. ತಾರುಣ್ಯದ ತಂಡಗಳೆಂದು ನಾವು ಕಂಡ ಇವು ನಮ್ಮ ಕಣ್ಣೆದುರಿಗೇ ಹಿರಿಯ ತಂಡಗಳಾಗುತ್ತಿವೆ. ಅವರ ಮುಂದಿನ ಹಾಡುಗಳನ್ನು ನಾವು ಹೇಗೆ ಕೇಳುವೆವೆಂಬುದರ ಮೇಲೆ ಅವರು ಏನನ್ನು ರಚಿಸುವ ಧೈರ್ಯ ಮಾಡುವರೆಂಬುದೂ ಅವಲಂಬಿಸಿದೆ. ಸಭೆಯು ಹಳೆಯದನ್ನು ಮಾತ್ರ ಬೇಡುವುದಾದರೆ ಕಲಾವಿದನು ಕ್ರಮೇಣ ತನ್ನದೇ ಭೂತಕಾಲದ ಪಹರೆಗಾರನಾಗಿ ಉಳಿಯುವನು. ಕಾರ್ಯಕ್ರಮಗಳ ವ್ಯವಸ್ಥಾಪಕರೂ ಅದನ್ನೇ ವಿಧಿಸುವರು. ಹೊಸ ಹಾಡು ಬರೆಯುವ ಶ್ರಮಕ್ಕೆ ಅರ್ಥವೇ ಇಲ್ಲದಂತಾಗುವುದು.

ಆದುದರಿಂದ ನನ್ನ ಬಿನ್ನಹವಿಷ್ಟು. ಸಂಗೀತದ ಸಭೆಗಳನ್ನು ಏರ್ಪಡಿಸುವವರು ಹಿರಿಯ ತಂಡಗಳನ್ನು ಕರೆಸಿದಾಗ ಅವರ ಹೊಸ ಸಂಪುಟವನ್ನು ಆದ್ಯಂತವಾಗಿ ಹಾಡಲು ಅವಕಾಶ ಕೊಡಲಿ; ಹಳೆಯ ಹಾಡುಗಳು ಅದರ ಅನಂತರ ಬಂದರೆ ಯಾರಿಗೂ ನಷ್ಟವಿಲ್ಲ. ಪತ್ರಿಕೆಗಳಲ್ಲಿ ವಿಮರ್ಶೆ ಬರೆಯುವವರು ಪ್ರಕಟಣೆಯ ದಿನವೇ ತೀರ್ಪು ಕೊಡುವ ತವಕವನ್ನು ಬಿಟ್ಟು, ಸಂಪುಟವು ತಮ್ಮಲ್ಲಿ ಒಂದಷ್ಟು ಕಾಲ ನೆಲಸಿದ ಮೇಲೆ ಬರೆಯಲಿ. ಕೇಳುಗರಾದ ನಾವು ಹೊಸ ಹಾಡನ್ನು ಮೊದಲ ಸಲ ಕೇಳಿದಾಗ ಏಳುವ ಹೋಲಿಕೆಯನ್ನು ತಡೆಯಲಾರೆವು. ಅದು ಮನಸ್ಸಿನ ಸ್ವಭಾವ. ಆದರೆ ಮತ್ತೆ ಕೇಳುವಾಗ ಆ ಹೋಲಿಕೆಯನ್ನು ಬದಿಗಿರಿಸುವುದು ನಮ್ಮ ಇಚ್ಛೆಗೆ ಸೇರಿದುದು. ಹಾಗೆ ಕೇಳಿದ ಮೇಲೆ ಹಾಡು ಹಿಡಿಸಲಿಲ್ಲವೆನ್ನುವ ಅಧಿಕಾರವು ನಮಗೆ ಸಂಪೂರ್ಣವಾಗಿ ಇರುತ್ತದೆ.

ಎಂಬತ್ತರ ಮನಸೂರರನ್ನು ಎಂಬತ್ತರವರಾಗಿಯೇ ಕೇಳಿ ಧನ್ಯತೆಯನ್ನು ಪಡೆದ ಸಮಾಜ ನಮ್ಮದು. ಆ ಶಿಕ್ಷಣವನ್ನು ಒಂದೇ ಸಂಗೀತಪ್ರಕಾರಕ್ಕೆ ಮೀಸಲಾಗಿರಿಸದೆ ದಿಲ್ಲಿಯ ‘ತೂ ಹೈ’ಗೂ, ಲಂಡನ್ನಿನ ಹಿರಿಯರಿಗೂ, ನಾಳೆ ಬೆಂಗಳೂರಿನ ನರೆತ ತಲೆಗಳ ತಂಡಗಳಿಗೂ ವಿಸ್ತರಿಸುವುದು ನಮ್ಮ ರಸಿಕತೆಗೆ ಸಲ್ಲತಕ್ಕ ಸಹಜವಾದ ಬೆಳವಣಿಗೆ. ಹಿರಿಯ ಕಲಾವಿದನು ನಮ್ಮಿಂದ ನಿರೀಕ್ಷಿಸುವುದು ಹೊಗಳಿಕೆಯನ್ನಲ್ಲ. ಇಂದು ತಾನು ಹೇಳುತ್ತಿರುವುದನ್ನು ಇಂದಿನ ಮಾತೆಂದು ಕೇಳಿ, ಅದಕ್ಕೆ ಇಂದಿನ ಮನಸ್ಸಿನಿಂದ ನಿರ್ದಾಕ್ಷಿಣ್ಯವಾದ ಉತ್ತರವನ್ನು ಕೊಡುವ ಕೇಳುಗನನ್ನು. ಅಂಥ ಕೇಳುಗರು ಹೆಚ್ಚಿದ ನಾಡಿನಲ್ಲಿ ಕಲಾವಿದರು ಕಡೆಯವರೆಗೂ ಹೊಸ ಹಾಡುಗಳನ್ನು ಬರೆಯುತ್ತಲೇ ಇರುವರು.